ಡೌಟ್ ಬರೆಯಬೇಕೋ, ಸಸ್ಪೆಕ್ಟ್ ಬರೆಯಬೇಕೋ?

ಬಂದರ್_ಗೋಡೌನ್
ಮಂಗಳೂರಿನಿಂದ ಲಾರಿಯಲ್ಲಿ ಹೋದ ಚಾಲಿ ಅಡಿಕೆ ಇಳಿಸುವಾಗ ಎರಡು ಚೀಲ ಕಮ್ಮಿ. ದಾರಿಯಲ್ಲಿ ಸೀಲ್ ಒಡೆದಿದ್ದಾರೆ ಅಂತ ನಮ್ಮ ಅನುಮಾನ. ಇನ್ಶೂರೆನ್ಸ್‌ನವರಿಗೆ ಕಳಿಸಲಿಕ್ಕೆ ಹೀಗೆ ಬರೆದಿಟ್ಟಿದ್ದೇವೆ: ‘ವಿ ಡೌಟ್ ದ್ಯಾಟ್ ದಿ ಸೀಲ್ ವಾಸ್ ಬ್ರೋಕನ್ ಆನ್ ದಿ ವೇ. ವಿ ಆರ್ ಸಸ್ಪೆಕ್ಟಿಂಗ್ ಆನ್ ದಿ ಡ್ರೈವರ್.’ ಆಫೀಸಿನಲ್ಲಿ ಒಬ್ಬರು ಡೌಟ್ ತೆಗೆದು ಸಸ್ಪೆಕ್ಟ್ ಹಾಕಿ ಅಂತಾರೆ. ಎರಡೂ ಒಂದೇ ಅಲ್ವಾ? ಎಂತ ವ್ಯತ್ಯಾಸ?

ಕಡಿಯಾಳಿ_ಮೇಷ್ಟ್ರು
ಕಳಿಸಬೇಡಿ ಮಾರಾಯ್ರೆ! ಮೊದಲನೇ ವಾಕ್ಯ ಓದಿದವರಿಗೆ ‘ಸೀಲ್ ದಾರಿಯಲ್ಲಿ ಒಡೆದಿರಲಿಕ್ಕಿಲ್ಲ’ ಅಂತ ಅರ್ಥ ಆಗ್ತದೆ. ಕ್ಲೇಮ್ ತಳ್ಳಿಹಾಕಲಿಕ್ಕೆ ಅವರಿಗೆ ಬೇರೆ ಕಾರಣ ಬೇಡ.

ನಮ್ಮ ‘ಅನುಮಾನ’ ಎರಡು ಕಡೆಗೂ ಸಲ್ಲುತ್ತದೆ. ‘ಅವನು ಬರ್ತಾನೋ ಇಲ್ವೋ ಅನುಮಾನ’ ಅಂದರೆ ಬರುವುದು ಕಷ್ಟ ಅಂತ. ‘ಅವನೇ ತೆಗೆದಿರಬೇಕು ಅಂತ ಅನುಮಾನ’ ಅಂದರೆ ತೆಗೆದಿದ್ದಾನೆ ಅಂತ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಕ್ರಿಯಾಪದ ಉಂಟು. ಆಗಿರಲಿಕ್ಕಿಲ್ಲ ಅನ್ನಿಸಿದರೆ ಡೌಟ್, ಆಗಿರಬೇಕು ಅನ್ನಿಸಿದರೆ ಸಸ್ಪೆಕ್ಟ್. ಬರೆಯುವ ಮೊದಲು ವಾಕ್ಯವನ್ನು ನಮ್ಮ ಊರ ಕನ್ನಡದಲ್ಲಿ ಹೇಳಿ ನೋಡಿ. ಕೊನೆಗೆ ‘ಇರ್ಲಿಕ್ಕಿಲ್ಲ’ ಬಂದರೆ ಡೌಟ್. ‘ಇರ್ಬೇಕು’, ‘ಇರ್ಲಿಕ್ಕೂ ಸಾಕು’ ಬಂದರೆ ಸಸ್ಪೆಕ್ಟ್.

ಕ್ಲಾಸಿನಲ್ಲಿ ಮಕ್ಕಳು ‘ಸರ್, ಐ ಹ್ಯಾವ್ ಎ ಡೌಟ್’ ಅನ್ನುವುದು ಇಲ್ಲಿ ನಡೀತದೆ, ನಮಗೆಲ್ಲ ಅದು ಪ್ರಶ್ನೆ ಅಂತ ಗೊತ್ತು. ಹೊರದೇಶದವರಿಗೆ ಮಾತ್ರ ನೀವು ಹೇಳಿದ್ದನ್ನು ಇವನು ನಂಬಲಿಲ್ಲ ಅಂತ ಕೇಳಿಸಬಹುದು. ಅವರ ಹತ್ತಿರ ‘ಕ್ವೆಶ್ಚನ್’ ಅಂದುಬಿಡಿ.

ಕೋರ್ಟ್_ರೋಡ್
ಕಾನೂನಿನಲ್ಲಿ ನೋಡಿದರೆ ಎರಡೂ ಎದುರುಬದುರು. ‘ರೀಸನಬಲ್ ಸಸ್ಪಿಶನ್’ ಇದ್ದರೆ ಪೊಲೀಸರು ಬಂಧಿಸಬಹುದು. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 41ರಲ್ಲಿ ಇದ್ದದ್ದು 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ ಸೆಕ್ಷನ್ 35ರಲ್ಲಿ ಉಂಟು. ವಿಚಾರಣೆ ಮುಗಿಯುವಾಗ ‘ರೀಸನಬಲ್ ಡೌಟ್’ ಉಳಿದರೆ ಅದೇ ಮನುಷ್ಯ ಬಿಡುಗಡೆ. ಪೇಪರಿನಲ್ಲಿ ‘ಸಂಶಯದ ಲಾಭ’ ಅಂತ ಬರುವುದು ಇದನ್ನೇ. ಒಂದು ಒಳಗೆ ಹಾಕುತ್ತದೆ, ಇನ್ನೊಂದು ಹೊರಗೆ ಬಿಡುತ್ತದೆ.

ಸಸ್ಪೆಕ್ಟ್ ನಾಮಪದವಾದರೆ ಶಂಕಿತ. ಆರೋಪಿ ಅಲ್ಲ, ಅಪರಾಧಿಯಂತೂ ಅಲ್ಲವೇ ಅಲ್ಲ. ಉಚ್ಚಾರವೂ ಬೇರೆ: ನಾಮಪದದಲ್ಲಿ ಒತ್ತು ಮೊದಲ ‘ಸಸ್’ ಮೇಲೆ, ಕ್ರಿಯಾಪದದಲ್ಲಿ ‘ಪೆಕ್ಟ್’ ಮೇಲೆ.

ಪ್ರೂಫ್_ಮಣಿಪಾಲ
ಎರಡನೇ ವಾಕ್ಯ ಯಾರೂ ಮುಟ್ಟಲಿಲ್ಲ. ‘ಡ್ರೈವರ್ ಮೇಲೆ ಸಂಶಯ’ ಅನ್ನುವುದರಿಂದ ‘ಆನ್’ ನುಸುಳಿದೆ. ಸಸ್ಪೆಕ್ಟ್ ಮುಂದೆ ಆನ್ ಬರುವುದಿಲ್ಲ. ಇದು ಮನಸ್ಸಿನ ಸ್ಥಿತಿ ಹೇಳುವ ಕ್ರಿಯಾಪದ, ಹಾಗಾಗಿ ‘ಸಸ್ಪೆಕ್ಟಿಂಗ್’ ಕೂಡ ಇಲ್ಲಿ ಸಲ್ಲ. ವ್ಯಕ್ತಿ, ಆಮೇಲೆ ‘ಆಫ್’, ಆಮೇಲೆ ಕೆಲಸ: ‘ವಿ ಸಸ್ಪೆಕ್ಟ್ ಹಿಮ್ ಆಫ್ ಬ್ರೇಕಿಂಗ್ ದಿ ಸೀಲ್.’ ‘ಫಾರ್’ ಹಾಕುವವರೂ ಇದ್ದಾರೆ, ಅದೂ ತಪ್ಪು.

‘ಸಸ್ಪಿಶಿಯಸ್’ ಇನ್ನೂ ಕಿತಾಪತಿ. ‘ದಿ ಡ್ರೈವರ್ ವಾಸ್ ಸಸ್ಪಿಶಿಯಸ್’ ಅಂದರೆ ಡ್ರೈವರನ ನಡತೆ ಅನುಮಾನ ಹುಟ್ಟಿಸುವಂತಿತ್ತೋ, ಅವನಿಗೇ ಯಾರ ಮೇಲಾದರೂ ಅನುಮಾನ ಇತ್ತೋ? ಎರಡೂ ಆಗ್ತದೆ. ‘ಸಸ್ಪಿಶಿಯಸ್ ಆಫ್’ ಅಂದರೆ ಅನುಮಾನ ಪಡುವವನು. ‘ಲುಕ್ಡ್ ಸಸ್ಪಿಶಿಯಸ್’ ಅಥವಾ ‘ಆ್ಯಕ್ಟೆಡ್ ಸಸ್ಪಿಶಿಯಸ್‌ಲಿ’ ಅಂದರೆ ಅನುಮಾನಾಸ್ಪದವಾಗಿ ಕಂಡವನು.

ಅಡುಗೆ ಬರಹದಲ್ಲಿ ‘ಎ ಸಸ್ಪಿಶನ್ ಆಫ್ ಗಾರ್ಲಿಕ್’ ಸಿಕ್ಕಿದರೆ ಗಾಬರಿ ಬೇಡ, ಬೆಳ್ಳುಳ್ಳಿಯ ಸುಳಿವು ಮಾತ್ರ ಇರಲಿ ಅಂತ. ನಮ್ಮ ಕೋರಿ ಗಸಿಗೆ ಅಷ್ಟು ಸಾಲದು, ಬಿಡಿ.

ಬಂದರ್_ಗೋಡೌನ್
ಹಾಗಾದ್ರೆ ‘ವಿ ಸಸ್ಪೆಕ್ಟ್ ದ್ಯಾಟ್ ದಿ ಡ್ರೈವರ್ ಬ್ರೋಕ್ ದಿ ಸೀಲ್’ ಸಾಕಾ?

ಕೋರ್ಟ್_ರೋಡ್
ವ್ಯಾಕರಣ ಸರಿ. ಆದರೆ ಡ್ರೈವರನ್ನು ಎಳೆಯಬೇಡಿ. ಕಂಡವರಿಲ್ಲ, ನಾಳೆ ಮಾನನಷ್ಟದ ನೋಟಿಸ್ ಬಂದರೆ ಉತ್ತರ ಕೊಡುವುದು ನೀವು. ‘ವಿ ಸಸ್ಪೆಕ್ಟ್ ದ್ಯಾಟ್ ದಿ ಸೀಲ್ ವಾಸ್ ಟ್ಯಾಂಪರ್ಡ್ ವಿತ್ ಇನ್ ಟ್ರಾನ್ಸಿಟ್’ ಅಂತ ಬರೆದು, ಎಲ್‌ಆರ್‌ನಲ್ಲಿ (ಲಾರಿಯವರು ಕೊಡುವ ಸರಕಿನ ರಸೀದಿ) ನಮೂದಾದ ಸೀಲ್ ನಂಬರ್ ಮತ್ತು ಲಾರಿ ತಲುಪಿದಾಗ ಬಾಗಿಲಲ್ಲಿದ್ದ ನಂಬರ್ ಎರಡನ್ನೂ ಕೆಳಗೆ ಹಾಕಿ. ಇಳಿಸಿಕೊಂಡವರು ಎಲ್‌ಆರ್ ಮೇಲೆ ‘ಎರಡು ಚೀಲ ಕಮ್ಮಿ’ ಅಂತ ಷರಾ ಬರೆದು ಸಹಿ ಹಾಕಿದ್ದರೆ ಆ ಪ್ರತಿಯನ್ನೂ ಲಗತ್ತಿಸಿ.