ಎಟಿಆರ್‌ನಲ್ಲೇ ಕಮಾಂಡ್‌ಗೆ ಕಾಯೋದಾ, ಏರ್‌ಬಸ್‌ಗೆ ಹೋಗೋದಾ?

ಕೇಳಿದವರು: ಬೆಂಗಳೂರು ಬೇಸ್‌ನಲ್ಲಿ (ಡ್ಯೂಟಿ ಶುರುವಾಗೋ ಊರು) ಎಟಿಆರ್ 72 ಅನ್ನೋ ಪ್ರೊಪೆಲರ್ ವಿಮಾನದ ಫಸ್ಟ್ ಆಫೀಸರ್, ಅಂದರೆ ಸಹ ಪೈಲಟ್ ನಾನು. ಕಮಾಂಡ್, ಅಂದರೆ ಕ್ಯಾಪ್ಟನ್ ಹುದ್ದೆ, ಇನ್ನೂ ಸಿಕ್ಕಿಲ್ಲ. ಒಟ್ಟು 1,400 ಗಂಟೆ ಹಾರಾಟ ಆಗಿದೆ. ಬೇರೆ ಕಂಪನಿಯಿಂದ ಏರ್‌ಬಸ್ ಎ320 ಜೆಟ್‌ಗೆ ಕರೆ ಬಂದಿದೆ, ಆದರೆ ಬೇಸ್ ದೆಹಲಿ. ಊರು ಹುಬ್ಬಳ್ಳಿ, ಅಮ್ಮ ಒಬ್ಬರೇ ಇದ್ದಾರೆ. ಮುಂದೆ ಗಲ್ಫ್‌ಗೆ ಹೋಗಿ ದೊಡ್ಡ ವಿಮಾನ ಓಡಿಸೋ ಆಸೆಯೂ ಇದೆ. ದಾಟಿ ಬಂದವರು ಏನಂತೀರಿ?

ಎಟಿಆರ್ ಕ್ಯಾಪ್ಟನ್: ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸ್ ಎಟಿಪಿಎಲ್, ಅದಕ್ಕೆ ಬೇಕಾದ 1,500 ಗಂಟೆಗೆ ನಿಮಗೆ ಉಳಿದಿರೋದು ನೂರು. ನಮ್ಮಲ್ಲಿ ಕ್ಯಾಪ್ಟನ್‌ಗಳು ಜೆಟ್‌ಗೆ ಹೋಗ್ತಾನೇ ಇರ್ತಾರೆ, ಹಾಗಾಗಿ ಎಡಗಡೆ ಸೀಟು, ಅಂದರೆ ಕ್ಯಾಪ್ಟನ್ ಸೀಟು, ಬೇಗ ಖಾಲಿಯಾಗುತ್ತೆ. ಹೊಸ ಕಂಪನಿಗೆ ಹೋದರೆ ಸೀನಿಯಾರಿಟಿ ಪಟ್ಟಿಯ ತಳದಿಂದ ಶುರು. ಯಾವ ವಿಮಾನ ಅನ್ನೋದಕ್ಕಿಂತ ಯಾವ ಸೀಟು, ಯಾವ ಬೇಸ್ ಅನ್ನೋದೇ ನನಗೆ ದೊಡ್ಡದು.

ಕೆಲಸ ಹಗುರ ಅಂತ ಮಾತ್ರ ಹೇಳಲ್ಲ. ಎಂಜಿನ್ ಶಕ್ತಿಯನ್ನ ತಾನೇ ಹೊಂದಿಸೋ ಆಟೋಥ್ರಾಟಲ್ ಇಲ್ಲ, 25,000 ಅಡಿ ದಾಟೋ ಹಾಗಿಲ್ಲ. ಮಳೆಗಾಲದಲ್ಲಿ ಏರ್‌ಬಸ್‌ನವರು ಎಷ್ಟೋ ಮೋಡಗಳ ಮೇಲೇ ಹೋಗಿಬಿಡ್ತಾರೆ, ನಾವು ರೇಡಾರ್ ನೋಡ್ಕೊಂಡು ಸಂದಿ ಹುಡುಕ್ತೀವಿ. ದಿನಕ್ಕೆ ನಾಲ್ಕೈದು ಸೆಕ್ಟರ್, ಅಂದರೆ ಅಷ್ಟು ಸಲ ಏರಿ ಇಳಿಯೋದು. ಮೈಸೂರಿನ ರನ್‌ವೇ 1,740 ಮೀಟರ್, ಲಕ್ಷದ್ವೀಪದ ಅಗತ್ತಿಯದು ಇನ್ನೂ ಚಿಕ್ಕದು. ನೆಲದ ಮೇಲಿದ್ದಾಗ ಕರೆಂಟ್, ಎಸಿ ಕೊಡೋ ಪುಟ್ಟ ಎಂಜಿನ್ (ಎಪಿಯು) ಇಲ್ಲದ್ದಕ್ಕೆ ಬಲಗಡೆ ಪ್ರೊಪೆಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಓಡಿಸ್ಕೊಂಡು ನಿಂತಿರ್ತೀವಲ್ಲ, ಏಪ್ರಿಲ್ ತಿಂಗಳ ಆ ಸೆಕೆ ನಿಮಗೂ ಗೊತ್ತು! ಆದರೆ ಇಂಥಲ್ಲಿ ಕೈ ಪಳಗಿದ ಹಾಗೆ ಬೇರೆಲ್ಲೂ ಪಳಗಲ್ಲ.

ಒಂದು ಮಾತು ನೆನಪಿರಲಿ. ವಿಮಾನಯಾನ ನಿಯಂತ್ರಕ ಡಿಜಿಸಿಎಯ 2017ರ ನಿಯಮದ ಪ್ರಕಾರ ಕೆಲಸ ಬಿಡೋಕೆ ಫಸ್ಟ್ ಆಫೀಸರ್‌ಗೆ ಆರು ತಿಂಗಳ ನೋಟಿಸ್, ಕಮಾಂಡರ್‌ಗೆ, ಅಂದರೆ ಕ್ಯಾಪ್ಟನ್‌ಗೆ, ಒಂದು ವರ್ಷ. ಕಮಾಂಡ್ ತಗೊಂಡು ಆಮೇಲೆ ನೋಡೋಣ ಅನ್ನೋರು ಇದನ್ನ ಲೆಕ್ಕಕ್ಕೇ ಹಿಡಿಯಲ್ಲ.

ಎಟಿಆರ್‌ನಿಂದ ಎ320ಗೆ ಬಂದವಳು, ಮಂಗಳೂರು: ಗಲ್ಫ್ ಆಸೆ ನಿಜವಾದರೆ ಕ್ಯಾಪ್ಟನ್ ಸರ್ ಮಾತನ್ನು ಪೂರ್ತಿ ಒಪ್ಪಲಾರೆ. ಅಲ್ಲಿನ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಮೊದಲು ಕೇಳೋದೇ ಜೆಟ್ ಗಂಟೆ. ಎ320ರ ಟೈಪ್ ರೇಟಿಂಗ್, ಅಂದರೆ ಆ ಮಾದರಿ ಓಡಿಸೋ ಅರ್ಹತೆ, ಒಂದಿದ್ದರೆ ಎ319, ಎ321 ಕೂಡ ಅದರಲ್ಲೇ ಬಂತು. ಕಾಕ್‌ಪಿಟ್ ಒಂದೇ ಥರ ಇರೋದರಿಂದ ಎ330, ಎ350ಕ್ಕೆ ಹೋಗುವಾಗ ತರಬೇತಿಯೂ ಕಮ್ಮಿ.

ಬದಲಿಗೆ ಕಳೆದುಕೊಂಡದ್ದು ರಾತ್ರಿ ನಿದ್ದೆ. ಎಟಿಆರ್‌ನಲ್ಲಿ ಹೆಚ್ಚಿನ ದಿನ ಕತ್ತಲಾಗಿ ಸ್ವಲ್ಪ ಹೊತ್ತಿಗೆ ಮನೆ ಸೇರುತ್ತಿದ್ದೆ. ಈಗ ಎರಡು ಗಂಟೆಗೆ ರಿಪೋರ್ಟಿಂಗ್ ಅಂದರೆ ಅದು ಮಧ್ಯರಾತ್ರಿಯ ಎರಡು. 2025ರ ಜುಲೈಯಿಂದ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದ್ದು ದೊಡ್ಡ ಉಪಕಾರ. ಆದರೆ ದೆಹಲಿ ಬೇಸ್ ಆದರೆ ಅದರಲ್ಲಿ ಒಂದು ದಿನ ಹುಬ್ಬಳ್ಳಿಗೆ ಹೋಗಿ ಬರೋದಕ್ಕೇ ಹೋಗುತ್ತದೆ.

ಟೈಪ್ ರೇಟಿಂಗ್ ಖರ್ಚು ಯಾರದು, ಬಾಂಡ್ ಎಷ್ಟು ವರ್ಷ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನೋದನ್ನು ಓದದೆ ಸಹಿ ಹಾಕಬೇಡಿ.

ಎಂಬ್ರೇಯರ್ ಫಸ್ಟ್ ಆಫೀಸರ್, ಬೆಳಗಾವಿ: ಜೆಟ್ ಅಂದ್ರ ಏರ್‌ಬಸ್ ಒಂದ ಅಲ್ರಿ. ಸ್ಟಾರ್ ಏರ್‌ನಾಗ ಎಂಬ್ರೇಯರ್ 145, 175 ಎರಡೂ ಅದಾವ, 2019ರಾಗ ಅದು ಸುರು ಆಗಿದ್ದ ಬೆಂಗಳೂರು-ಹುಬ್ಬಳ್ಳಿ ದಾರಿಯಿಂದ. 145ರ ರೇಟಿಂಗ್ ಬ್ಯಾರೆ, ಆದ್ರ 175ರದ್ದು 190ಕ್ಕೂ ನಡೀತದ. ತೊಂದ್ರಿ ಏನಂದ್ರ, ನಮ್ಮ ದೇಶದಾಗ ಈ ವಿಮಾನ ಹಾರಸೋ ಕಂಪನಿ ಭಾಳ ಕಮ್ಮಿ. ಇಲ್ಲಿ ಬಿಟ್ರ ಇನ್ನೊಂದ್ ಕಡೆ ಮತ್ತ ಹೊಸಾ ರೇಟಿಂಗ್ ಮಾಡ್ಬೇಕು.

ಸಣ್ಣ ಕಂಪನಿ ಅಂದ್ರ ಅಂಜಿಕಿ ಇದ್ದದ್ದ. ಟ್ರೂಜೆಟ್ ಕಂಪನಿ ಬೀದರ್, ಬಳ್ಳಾರಿ ಕಡೆ ವಿದ್ಯಾನಗರಕ್ಕೆಲ್ಲಾ ಎಟಿಆರ್ ಹಾರಸ್ತಿತ್ತು, 2022ರ ಫೆಬ್ರವರಿಗೆ ನಿಂತಹೋತು. ಹಂಗಂತ ದೊಡ್ಡವು ಉಳೀತಾವ ಅಂತೇನಿಲ್ರಿ. 2019ರಾಗ ಜೆಟ್ ಏರ್‌ವೇಸ್, 2023ರಾಗ ಗೋ ಫಸ್ಟ್ ಏನಾದ್ವು?

ಎಟಿಆರ್ ಕ್ಯಾಪ್ಟನ್: ಮಂಗಳೂರಿನವರು ಹೇಳಿದ್ದು ಗಲ್ಫ್ ವಿಷಯಕ್ಕೆ ಸರಿ. ಆದರೂ ಅಮ್ಮನ ಹತ್ತಿರ ಇರಬೇಕು ಅನ್ನೋದು ಈಗಿನ ಅಗತ್ಯ, ಗಲ್ಫ್ ಐದಾರು ವರ್ಷ ತಡೆಯುತ್ತೆ. ಬೆಂಗಳೂರು ಬೇಸ್ ಬರವಣಿಗೆಯಲ್ಲಿ ಕೊಟ್ಟರೆ ಹೋಗಿ. ಬಾಯಿಮಾತಿನಲ್ಲಿ "ಆಮೇಲೆ ನೋಡೋಣ" ಅಂದರೆ ಬೇಡ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬೇಸ್ ವಿಷಯ ಇಮೇಲ್‌ನಲ್ಲೇ ಕೇಳ್ತೀನಿ. ಕಮಾಂಡ್ ಪಟ್ಟಿಯಲ್ಲಿ ನನ್ನ ಮುಂದೆ ಎಷ್ಟು ಜನ ಇದ್ದಾರೆ ಅಂತ ನಮ್ಮ ಕಂಪನಿಯಲ್ಲೂ ವಿಚಾರಿಸ್ತೀನಿ. ಬಾಂಡ್ ಕಾಗದ ಬಂದ ಮೇಲೆ ಮಂಗಳೂರಿನ ಮೇಡಂ ಒಮ್ಮೆ ನೋಡಿ ಹೇಳ್ತೀರಾ?