ಹೂಮಳೆ, ಕಾಫಿ ಫಸಲು, ಪಿ-ವ್ಯಾಲ್ಯೂ: ತಿಳಿದವರು ಹೇಳಿ

ಹಾಸನದಿಂದ: ಎಂಎಸ್ಸಿ ಪ್ರಾಜೆಕ್ಟ್‌ಗೆ ಸಕಲೇಶಪುರದ ನಮ್ಮ ಮಾವನ ತೋಟದ ಹಳೇ ಲೆಕ್ಕದ ಪುಸ್ತಕ ಹಿಡಿದಿದ್ದೇನೆ. ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಎಷ್ಟು ಇಂಚು, ಅರೇಬಿಕಾ ಎಷ್ಟು ಮೂಟೆ ಅಂತ ವರ್ಷವಾರು ಇದೆ. ರಿಗ್ರೆಷನ್ ಮಾಡಿದರೆ, ಅಂದರೆ ಮಳೆಗೆ ತಕ್ಕಂತೆ ಫಸಲು ಹೇಗೆ ಬದಲಾಗುತ್ತೆ ಅಂತ ಒಂದು ಗೆರೆ ಹೊಂದಿಸಿದರೆ, ಪಿ-ವ್ಯಾಲ್ಯೂ 0.03 ಬಂತು. ಮಳೆಯಿಂದಲೇ ಫಸಲು ಅನ್ನೋದು ಶೇ. 97 ಖಚಿತ ಅಂತ ಬರೆಯಬಹುದಾ? ವೈವಾ ಹತ್ತಿರ ಬಂದಿದೆ.

ಚಿಕ್ಕಮಗಳೂರು, ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು: ದಯವಿಟ್ಟು ಬೇಡಮ್ಮ, ವೈವಾದಲ್ಲಿ ಮೊದಲು ಹಿಡಿಯೋದೇ ಅದನ್ನ. ನಿಮ್ಮ ನಲ್ ಹೈಪಾಥಿಸಿಸ್ ಏನು? ಮಳೆಗೂ ಫಸಲಿಗೂ ಸಂಬಂಧವಿಲ್ಲ, ಸ್ಲೋಪ್, ಅಂದರೆ ಒಂದು ಇಂಚು ಮಳೆಗೆ ಫಸಲು ಎಷ್ಟು ಬದಲಾಗುತ್ತೆ ಅನ್ನೋದು, ಸೊನ್ನೆ ಅಂತ. ಅದು ನಿಜ ಅಂತಲೇ ಇಟ್ಟುಕೊಳ್ಳಿ. ಆಗಲೂ ಸುಮ್ನೆ ಆಕಸ್ಮಿಕವಾಗಿ ಸೊನ್ನೆಯಿಂದ ಇಷ್ಟು ದೂರ, ಅಥವಾ ಇನ್ನೂ ದೂರದ ಸ್ಲೋಪ್ ಬರುವ ಸಂಭವ ನೂರಕ್ಕೆ 3. ಅಷ್ಟೇ. ನಲ್ ಸುಳ್ಳಾಗಿರುವ ಸಂಭವ ಎಷ್ಟು ಅಂತ ಪಿ ಹೇಳೋದೇ ಇಲ್ಲ. ಪಿ 0.05ಕ್ಕಿಂತ ಕಡಿಮೆ ಬಂದರೆ ಮಾತ್ರ ಫಲಿತಾಂಶ ಗಣನೀಯ ಅನ್ನೋ ಗೆರೆಯೂ ಶಾಸನವೇನಲ್ಲ. 1925ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಅನುಕೂಲಕ್ಕೆ ಅಂತ ಸೂಚಿಸಿದ್ದು ರೂಢಿಯಾಗಿ ಕೂತುಬಿಟ್ಟಿತು. ಒಂದು ಇಂಚು ಮಳೆಗೆ ಎಷ್ಟು ಮೂಟೆ ವ್ಯತ್ಯಾಸ ಅನ್ನೋದನ್ನ ಕಾನ್ಫಿಡೆನ್ಸ್ ಇಂಟರ್ವಲ್ (ಅಂದಾಜು ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನೋ ವ್ಯಾಪ್ತಿ) ಜೊತೆ ಬರೆಯಿರಿ. ನಿಮ್ಮ ಮಾವ ಕೇಳೋದೂ ಅದನ್ನೇ.

ಮೂಡಿಗೆರೆ, ಬೆಳೆಗಾರ: ನಂಗೆ ಈ ಪಿ-ಗಿ ತಿಳಿಯಲ್ಲ. ಆದರೆ ಅರೇಬಿಕಾ ಒಂದು ವರ್ಷ ಜಾಸ್ತಿ ಹಿಡಿದರೆ ಮುಂದಿನ ವರ್ಷ ಗಿಡ ಸುಸ್ತು, ಮಳೆ ಎಷ್ಟೇ ಬರಲಿ. ಕಾಂಡಕೊರಕ ಬಂದು ಗಿಡ ಕಿತ್ತ ವರ್ಷ ಯಾವುದು, ಸ್ಪ್ರಿಂಕ್ಲರ್ ಹಾಕಿದ್ದು ಯಾವಾಗ, ಎಲ್ಲಾ ಮಾವನ್ನ ಕೇಳಿ. ಹೂ ಅರಳಿದ ದಿನವೇ ಬಿದ್ದ ಮಳೆ ಕಾಯಿ ಕಟ್ಟೋಕೆ ಬಿಡಲ್ಲ. ಬರೀ ಇಂಚು ಕೂಡಿದರೆ ಅದೂ ಲಾಭದ ಲೆಕ್ಕಕ್ಕೆ ಸೇರುತ್ತೆ ಅಲ್ವಾ? ಇನ್ನೊಂದು, ಮಾರ್ಚ್ ಮಳೆಯ ಕಾಫಿ ಕುಯ್ಯೋದು ಜನವರಿವರೆಗೂ ನಡೆಯುತ್ತೆ. ವರ್ಷ ಹೊಂದಿಸುವಾಗ ಜೋಪಾನ.

ಬೇಲೂರು, ಡೇಟಾ ಕೆಲಸದವನು: ಮೂಡಿಗೆರೆಯವರು ಹೇಳಿದ್ದು ರೆಸಿಡ್ಯುಯಲ್‌ನಲ್ಲಿ ಕಾಣುತ್ತೆ. ಬಂದ ಫಸಲಿನಿಂದ ರಿಗ್ರೆಷನ್ ಗೆರೆ ಹೇಳಿದ ಫಸಲು ಕಳೆಯಿರಿ, ಉಳಿದದ್ದನ್ನ ವರ್ಷದ ಕ್ರಮದಲ್ಲಿ ಚುಕ್ಕಿ ಇಡಿ. ಒಂದು ಮೇಲೆ, ಒಂದು ಕೆಳಗೆ ಅಂತ ಹೋದರೆ ನಿಮ್ಮ 0.03 ನಂಬೋ ಹಾಗಿಲ್ಲ. ಒಂದು ವರ್ಷದ ಏರುಪೇರಿಗೂ ಇನ್ನೊಂದರದ್ದಕ್ಕೂ ನಂಟಿಲ್ಲ ಅಂದುಕೊಂಡೇ ಆ ಟೆಸ್ಟ್ ನಡೆಯೋದು. ಹಿಂದಿನ ವರ್ಷದ ಫಸಲನ್ನೂ ಒಂದು ಕಾಲಂ ಮಾಡಿ ಮತ್ತೆ ಓಡಿಸಿ, ಎಕ್ಸೆಲ್ ಸಾಕು. ಆರ್-ಸ್ಕ್ವೇರ್ (ಫಸಲಿನ ಏರುಪೇರಲ್ಲಿ ಎಷ್ಟು ಪಾಲನ್ನ ಈ ಲೆಕ್ಕ ವಿವರಿಸುತ್ತೆ ಅನ್ನೋ ಅಂಕಿ) ಏರಿತು ಅಂತ ಕುಣಿಯಬೇಡಿ, ಯಾವ ಕಾಲಂ ಸೇರಿಸಿದರೂ ಅದು ಇಳಿಯಲ್ಲ. ಕಾಲಂ ಎಷ್ಟಿವೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯೋ ಅಡ್ಜಸ್ಟೆಡ್ ಆರ್-ಸ್ಕ್ವೇರ್ ನೋಡಿ.

ಹಾಸನದಿಂದ: ಹಾಗೆ ಮಾಡಿ ಪಿ 0.05 ದಾಟಿದರೆ?

ಚಿಕ್ಕಮಗಳೂರು, ಮೇಷ್ಟ್ರು: ದಾಟಿದೆ ಅಂತಲೇ ಬರೆಯಿರಿ. ಮಳೆಗೆ ಸಂಬಂಧವೇ ಇಲ್ಲ ಅಂತ ಮಾತ್ರ ಬರೆಯಬೇಡಿ, ಪುರಾವೆ ಸಾಲದು ಅನ್ನೋದು ಬೇರೆ, ಸಂಬಂಧವಿಲ್ಲ ಅನ್ನೋದು ಬೇರೆ ಮಾತು. ಗೆರೆಯೊಳಗೆ ತರೋಕೆ ಅಂತ ಒಂದೊಂದೇ ವರ್ಷ ತೆಗೆದು ನೋಡೋದೂ ಬೇಡ.