ನೆಲಸಂಪಿಗೆ ಕುಂಡ ಪೂರ್ತಿ ಖಾಲಿ, ಸತ್ತೇ ಹೋಯ್ತಾ?

ಠಾಣೆ, ನಾಲ್ಕನೇ ಮಹಡಿ:
ಎಲ್ರಿಗೂ ನಮಸ್ಕಾರ. ಹೋದ ಜೂನ್‌ನಲ್ಲಿ ಸಾಗರದಿಂದ ಬರೋವಾಗ ಅಮ್ಮ ಒಂದು ನೆಲಸಂಪಿಗೆ ಗಡ್ಡೆ ಪೇಪರ್‌ನಲ್ಲಿ ಸುತ್ತಿ ಕೊಟ್ಟಿದ್ರು, ಇಲ್ಲಿ ಮರಾಠಿಯವರು ಭುಯಿಚಾಫಾ ಅಂತಾರಲ್ಲ ಅದು. ನಮ್ದು ಉತ್ತರದ ಗ್ಯಾಲರಿ, ಬೇಸಿಗೆಯಲ್ಲಿ ಬೆಳಗ್ಗೆ ಒಂದು ಗಂಟೆ ಓರೆಯಾಗಿ ಬಿಸಿಲು ಬಂದ್ರೆ ಹೆಚ್ಚು, ಚಳಿಗಾಲದಲ್ಲಿ ಅದೂ ಇಲ್ಲ. ಮಳೆಗಾಲ ಪೂರ್ತಿ ಸೂಪರ್ ಆಗಿತ್ತು, ಎಲೆ ಮೇಲೆ ಬೆಳ್ಳಿ ಥರ ಪಟ್ಟೆ, ಕೆಳಗೆ ನೇರಳೆ, ಬಂದವರೆಲ್ಲ ಏನು ಗಿಡ ಅಂತ ಕೇಳೋರು. ದೀಪಾವಳಿ ಆದ್ಮೇಲೆ ಹಳದಿ ಆಗೋಕೆ ಶುರುವಾಯ್ತು, ನೀರು ಸಾಲ್ತಿಲ್ವೇನೋ ಅಂತ ದಿನಾ ಎರಡು ಮಗ್ ಹಾಕ್ದೆ, ಈಗ ಜನವರಿ, ಬರೀ ಮಣ್ಣು. ಅತ್ತೆ "ಖಾಲಿ ಕುಂಡಕ್ಕೆ ಯಾಕೆ ನೀರು, ಕೊತ್ತಂಬರಿನಾದ್ರೂ ಬಿತ್ತು" ಅಂತಿದಾರೆ. ಹೂವು ಇನ್ನೂ ನಾನು ನೋಡೇ ಇಲ್ಲ. ಬೆಳೆಸಿದವರು ಹೇಳಿ ಪ್ಲೀಸ್.

ಮುಲುಂಡ್, ಉಡುಪಿ ಮೂಲ:
ಮೊದ್ಲು ಆ ಮಗ್ ಕೆಳಗಿಡಿ ಮಾರಾಯ್ರೆ. ನಿಮ್ಮ ಅತ್ತೆ ಹೇಳಿದ್ರಲ್ಲಿ ಅರ್ಧ ಸರಿ ಉಂಟು, ನೀರು ಬೇಡ. ಆದ್ರೆ ಕೊತ್ತಂಬರಿಯೂ ಬೇಡ, ಕೊತ್ತಂಬರಿಗೆ ಹಾಕುವ ನೀರೇ ಸಾಕು ಇದನ್ನು ಕೊಳೆಸ್ಲಿಕ್ಕೆ. ಗಿಡ ಸತ್ತದ್ದಲ್ಲ, ಮಲಗಿದ್ದು. ಶುಂಠಿ ಅರಿಶಿನದ ಕುಟುಂಬವೇ ಇದೂ, ಅರಿಶಿನದ ಎಲೆ ಒಣಗಿದ ಮೇಲೆ ಅಲ್ವಾ ಗಡ್ಡೆ ಕೀಳುವುದು? ಎಲೆ ಹಳದಿ ಆಗುವಾಗ ಅದರಲ್ಲಿದ್ದದ್ದೆಲ್ಲ ಗಡ್ಡೆಗೆ ಇಳಿದು ಹೋಗ್ತದೆ, ಆಮೇಲೆ ನೀರು ಕುಡಿಯುವವರು ಯಾರೂ ಇಲ್ಲ, ಹಾಕಿದ್ದೆಲ್ಲ ಹಾಗೇ ಮಣ್ಣಲ್ಲಿ ನಿಲ್ತದೆ.

ನಾನು ಮೊದಲ ವರ್ಷ ಥೇಟ್ ನೀವು ಮಾಡಿದ್ದನ್ನೇ ಮಾಡಿ ಒಂದು ಕುಂಡ ಕಳ್ಕೊಂಡೆ. ಎರಡನೇ ವರ್ಷ ನೀರೇನೋ ನಿಲ್ಲಿಸಿದೆ, ಯುಗಾದಿ ಹತ್ತಿರ ಮಣ್ಣು ಒಂದು ಕಡೆ ಸ್ವಲ್ಪ ಬಿರುಕು ಬಿಟ್ಟು ನಸುಗೆಂಪು ಮೊನೆ ಒಂದು ಇಣುಕ್ತಾ ಇತ್ತು, ಅಬ್ಬಬ್ಬ ಅಂದ್ರೆ ಕಿರುಬೆರಳ ಉಗುರಿನಷ್ಟು, ನಾನು ಯಾವುದೋ ಕಳೆ ಅಂತ ಎರಡು ಬೆರಳಲ್ಲಿ ಹಿಡಿದು ಕಿತ್ತೆ. ಕೈ ಮೂಸಿ ನೋಡಿದ್ರೆ ಪರಿಮಳ! ಅದು ಮೊಗ್ಗು. ಇದಕ್ಕೆ ಹೂವು ಮೊದಲು, ಎಲೆ ಆಮೇಲೆ, ಕಾಂಡಗಿಂಡ ಏನೂ ಇಲ್ಲದೆ ಸೀದಾ ಮಣ್ಣಿಂದಲೇ ಬರ್ತದೆ ಅಂತ ಆಗ ನಂಗೆ ಗೊತ್ತಿರಲಿಲ್ಲ. ಬಿಳಿ ಎಸಳು ಎರಡು ಮೇಲಕ್ಕೆ ನಿಂತಿರ್ತದೆ, ಕೆಳಗೆ ನೇರಳೆ ಬಣ್ಣದ್ದು ಮಧ್ಯೆ ಸೀಳಿಕೊಂಡು ಎರಡಾಗಿರ್ತದೆ. ಬೆಳಗ್ಗೆ ಅರಳಿದ್ದು ಮರುದಿನಕ್ಕೆ ಬಾಡ್ತದೆ, ಆದ್ರೆ ದೊಡ್ಡ ಗುಂಪಾದ್ರೆ ಒಂದರ ಹಿಂದೆ ಒಂದು ಬರ್ತಾ ಇರ್ತದೆ. ನೋಡ್ಲಿಕ್ಕೆ ಮಾತ್ರ ಮೊಣಕಾಲೂರಿ ಬಗ್ಗಬೇಕು, ಈ ವಯಸ್ಸಲ್ಲಿ ನನಗದು ವ್ಯಾಯಾಮ.

ಇನ್ನೊಂದು, ಮನೆಗೆ ಕೆಲಸದ ಬಾಯಿ ಬರುವುದಾದ್ರೆ ಅವಳಿಗೂ ಹೇಳಿ. ನಮ್ಮಲ್ಲಿ ಅವಳು ಪ್ರೀತಿಯಿಂದ ಎಲ್ಲ ಕುಂಡಕ್ಕೂ ಪೈಪ್ ಹಿಡೀತಿದ್ಳು, ಈಗ ಇದಕ್ಕೆ "ಪಾಣಿ ಘಾಲೂ ನಕಾ" (ನೀರು ಹಾಕಬೇಡಿ) ಅಂತ ಮರಾಠಿಯಲ್ಲಿ ಚೀಟಿ ಅಂಟಿಸಿದ್ದೇನೆ.

ಪುಣೆ, ಕೋಥ್ರುಡ್ (ನಾವು ಧಾರವಾಡದವರು):
ಅಕ್ಕಾರ ಹೇಳಿದ್ದು ಖರೆ ಅದ, ಆದ್ರ ನಾ ಒಂದಿಷ್ಟು ಬ್ಯಾರೆ ಹೇಳ್ತೀನ್ರಿ. ನೀರು ಪೂರಾ ಬಂದ್ ಮಾಡ್ರಿ ಅಂತ ಯಾರೋ ಹೇಳಿದ್ದು ಕೇಳಿ ನಾ 6 ಇಂಚಿನ ಪಾಟ್ ಡಿಸೆಂಬರ್‌ದಾಗ ಟೆರೇಸ್ ಮ್ಯಾಲೆ ಇಟ್ಟು ಮರತಬಿಟ್ಟೆ, ಏಪ್ರಿಲ್‌ದಾಗ ತಗದು ನೋಡಿದ್ರ ಗಡ್ಡಿ ಉತ್ತತ್ತಿ ಆಗಿತ್ತು. ಪುಣೆ ಬ್ಯಾಸಿಗಿ ನಿಮ್ಮ ಮುಂಬೈ ಹಂಗ ಪಸಿ ಇರೂದಿಲ್ಲ, ಒಣಾ ಬಿಸಿಲು. ಅದಕ್ಕ ಸಣ್ಣ ಪಾಟ್ ಇದ್ರ ನೆರಳಾಗ ಇಡ್ರಿ, 15-20 ದಿನಕ್ಕೊಮ್ಮೆ ಅಂಚಿನ ಗುಂಟ ಒಂದು ಕಪ್ ನೀರು, ಅಷ್ಟ.

ಮಣ್ಣಿನ ವಿಷಯ ಯಾರೂ ಹೇಳಲಿಲ್ಲ. ಹೊಲದ ಎರೆಮಣ್ಣು ಛಲೋ ಅಂತ ನಾ ಒಮ್ಮೆ ಅದನ್ನ ತುಂಬಿದ್ದೆ, ಮಳಿ ಹತ್ತಿದ ಮ್ಯಾಲೆ ನೀರು ಹಿಡಕೊಂಡು ಬಿಡವಲ್ಲದು, ಗಡ್ಡಿ ಕೊಳತು ಹೋತು. ಈಗ ಕೆಂಪು ಮಣ್ಣು, ದಪ್ಪ ಉಸುಕು, ಕೋಕೋಪೀಟ್, ಎಲಿ ಗೊಬ್ಬರ ಎಲ್ಲಾ ಸಮ ಸಮ. ಆಳ ಪಾಟ್‌ಕಿಂತ ಅಗಲ ಪಾಟ್ ಬೇಕು, ಗಡ್ಡಿ ಎರಡು ಇಂಚ್ ಕೆಳಗಿದ್ರ ಸಾಕು.

ಹಾಂ, ಹೊಸಾದು ತಗೊಳ್ಳೋರು ಹುಷಾರ್ರಿ. ಒಂದು ನರ್ಸರ್ಯಾಗ ನನಗ ನೆಲಸಂಪಿಗಿ ಅಂತ ಕಚ್ಚೂರ ಕೊಟ್ಟು ಕಳಿಸಿದ್ರು. ಕಚ್ಚೂರದ ಎಲಿ ನೆಲಕ್ಕ ಹಾಸಿಕೊಂಡಿರ್ತದ, ಇದರದು ನೆಟ್ಟಗ ಎದ್ದು ನಿಲ್ತದ. ಹೆಸರು ಗೊಂದಲ ಆದ್ರ ಕೆಂಫೇರಿಯಾ ರೋಟುಂಡಾ ಅಂತ ಕೇಳ್ರಿ, 1753ರಾಗ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಹೆಸರು. ಇಲ್ಲಿ ಎಂಪ್ರೆಸ್ ಗಾರ್ಡನ್ ಫ್ಲವರ್ ಶೋ ಜನವರಿದಾಗ ಇರ್ತದ, ಅಲ್ಲಿ ಹುಡುಕಬ್ಯಾಡ್ರಿ, ಆವಾಗ ಇದು ನಿದ್ದ್ಯಾಗ ಇರ್ತದ, ಬರೀ ಮಣ್ಣಿನ ಪಾಟ್ ಯಾರು ಇಟ್ಟು ತೋರಸ್ತಾರ.

ಬೊರಿವಲಿ:
ನ್ಯಾಷನಲ್ ಪಾರ್ಕ್‌ನಲ್ಲಿ ಮಳೆ ಶುರುವಾದ್ಮೇಲೆ ರಾನ್‌ಹಳದ್ ನೋಡಿದೀರಾ, ಕಾಡರಿಶಿನ? ಮೇನಲ್ಲಿ ಹೋದ್ರೆ ಅಲ್ಲಿ ಒಣ ಎಲೆ ಬಿಟ್ರೆ ಏನೂ ಇರಲ್ಲ, ಜುಲೈನಲ್ಲಿ ಹೋದ್ರೆ ಮರದಡಿ ಪೂರ್ತಿ ಅದೇ. ಅದಕ್ಕೆ ಯಾರೂ ನೀರು ಹಾಕಲ್ಲ.

ಗೋವಾ, ಫೋಂಡಾ:
ನಮ್ಮಲ್ಲಿ ಕುಂಡ ಇಲ್ಲ, ಹಲಸಿನ ಮರದ ಬುಡದಲ್ಲಿ ನೆಲಕ್ಕೇ ಹಾಕಿದ್ದೇವೆ, ಹತ್ತು ವರ್ಷದ ಮೇಲಾಯ್ತು, ಅಗೆದು ತೆಗೆಯೋದೂ ಇಲ್ಲ ಒಳಗಿಡೋದೂ ಇಲ್ಲ. ಹಲಸಿನ ಎಲೆ ಬಿದ್ದು ಅಲ್ಲೇ ಕೊಳೆಯುತ್ತೆ, ಅದೇ ಗೊಬ್ಬರ. ಆದ್ರೆ ಇಲ್ಲಿ ಮಳೆ ಅಂದ್ರೆ ನಾಲ್ಕು ತಿಂಗಳಲ್ಲಿ ಸುಮಾರು 3000 ಮಿಲಿಮೀಟರ್, ತಗ್ಗಿನಲ್ಲಿ ನೆಟ್ಟದ್ದು ಒಂದೂ ಉಳೀಲಿಲ್ಲ, ಮುರಕಲ್ಲು ಕಟ್ಟಿ ಒಂದು ಅಡಿ ಎತ್ತರ ಮಾಡಿದ್ಮೇಲೆ ಸರಿಹೋಯ್ತು.

ನಮ್ಮ ದೊಡ್ಡ ಕಾಟ ಬಸವನಹುಳ, ಆ ದೊಡ್ಡ ಆಫ್ರಿಕನ್ ಜಾತಿಯದ್ದು. ಜೂನ್‌ನಲ್ಲಿ ಎಲೆ ಇನ್ನೂ ಸುರುಳಿ ಬಿಚ್ಚೋದರೊಳಗೆ ರಾತ್ರಿ ಬಂದು ತಿಂದು ಹಾಕ್ತವೆ. ಔಷಧಿ ಗಿವಷಧಿ ಮಾಡಿ ಸಾಕಾಯ್ತು, ಈಗ ಊಟ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಹೋಗಿ ಚಿಮಟದಲ್ಲಿ ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕ್ತೀವಿ.

ಠಾಣೆಯವರಿಗೆ ಒಂದು ಮಾತು, ನೆರಳಿನ ಗಿಡ ಅಂದ್ರೆ ಕತ್ತಲೆ ಗಿಡ ಅಲ್ಲ. ಮಾವು ಹಲಸಿನ ಸಂದಿಯಿಂದ ಸೋಸಿ ಬರೋ ಬೆಳಕು ಬೇಕು ಇದಕ್ಕೆ. ನಮ್ಮ ಬಾವಿ ಗೋಡೆ ಹಿಂದೆ ಹಾಕಿದ್ದು ಎಲೆ ಏನೋ ಉದ್ದುದ್ದ ಬಂತು, ಹೂವು ಇವತ್ತಿಗೂ ಇಲ್ಲ. ಅದೇ ಮಧ್ಯಾಹ್ನದ ಬಿಸಿಲಿಗಿಟ್ರೆ ಎಲೆ ಅಂಚು ಸುಟ್ಟ ಹಪ್ಪಳ. ನಿಮ್ಮ ಗ್ಯಾಲರಿಯಲ್ಲಿ ಕುಂಡ ಗ್ರಿಲ್ ಪಕ್ಕಕ್ಕೇ ಇಡಿ, ವಾಶಿಂಗ್ ಮೆಷಿನ್ ಹಿಂದೆ ಅಲ್ಲ.

ಠಾಣೆ, ನಾಲ್ಕನೇ ಮಹಡಿ:
ವಾಶಿಂಗ್ ಮೆಷಿನ್ ಹಿಂದೆ ಇಟ್ಟಿದ್ದು ನಿಮಗೆ ಹೇಗೆ ಗೊತ್ತಾಯ್ತು! ಇವತ್ತು ರಜೆ ಇತ್ತು, ಪೇಪರ್ ಹಾಸಿ ಕುಂಡ ಬಗ್ಗಿಸ್ದೆ. ಮಣ್ಣು ಕೆಸರು ಕೆಸರು. ನಡುವಿನ ಗಡ್ಡೆಯ ಒಂದು ಪಕ್ಕ ಕಪ್ಪಾಗಿ ಮೆತ್ತಗಾಗಿದೆ, ಕೆಟ್ಟ ವಾಸನೆ. ಇನ್ನೊಂದು ಪಕ್ಕ ಗಟ್ಟಿ ಇದೆ. ಬೇರಿನ ತುದಿಗೆ ಗೋಲಿ ಥರ ಗುಂಡಗಿರೋದು ಏಳೆಂಟಿವೆ, ಅವು ಚೆನ್ನಾಗಿವೆ, ಅವನ್ನೇ ಕಿತ್ತು ಬೇರೆ ಬೇರೆ ನೆಟ್ರೆ ಎಂಟು ಗಿಡ ಆಗುತ್ತಾ?

ಮುಲುಂಡ್, ಉಡುಪಿ ಮೂಲ:
ಅಯ್ಯೋ ಕೀಳ್ಬೇಡಿ! ಆ ಗೋಲಿಗಳು ಬರೀ ಉಗ್ರಾಣ, ನೀರು ಆಹಾರ ಇಟ್ಟುಕೊಳ್ಳುವುದು. ಮೊಳಕೆ ಕಣ್ಣು ಇರುವುದು ನಡುವಿನ ಗಡ್ಡೆಯಲ್ಲಿ. ಗೋಲಿ ಮಾತ್ರ ನೆಟ್ರೆ ವರ್ಷ ಕಾದ್ರೂ ಏನೂ ಬರುವುದಿಲ್ಲ, ನಾನು ಕಾದಿದ್ದೇನೆ. ಚೂರಿ ಚೆನ್ನಾಗಿ ತೊಳೆದು ಕಪ್ಪು ಭಾಗ ಪೂರ್ತಿ ಕತ್ತರಿಸಿ, ಒಳಗೆ ಬಿಳಿ ಕಾಣುವವರೆಗೆ. ಕತ್ತರಿಸಿದಲ್ಲಿ ಬೂದಿ ಹಚ್ಚಿ, ಇಲ್ಲದಿದ್ರೆ ಅರಿಶಿನ ಪುಡಿ. ಎರಡು ದಿನ ನೆರಳಲ್ಲಿ ಆರ್ಲಿ. ಆಮೇಲೆ ಪುಣೆಯವರು ಹೇಳಿದ ಮಿಶ್ರಣ ಒಣದ್ದೇ ತುಂಬಿ ಗೋಲಿ ಸಮೇತ ನೆಡಿ, ಹಳೆ ಮಣ್ಣು ಬೇಡ. ಮಾರ್ಚ್‌ವರೆಗೆ ನೀರಿಲ್ಲ. ಮೊನೆ ಕಂಡ ಮೇಲೆ ಸ್ವಲ್ಪ ಸ್ವಲ್ಪ, ಅದೂ ಪಕ್ಕದಿಂದ, ಮೇಲಿಂದ ಹೊಯ್ದರೆ ಮಣ್ಣು ಸಿಡಿದು ಹೂವಿನ ಮೇಲೆಲ್ಲ ಕೆಸರು. ಗೊಬ್ಬರ ಎಲೆ ಬಂದಮೇಲೆ. ಪಾಲು ಮಾಡುವುದು ಈ ವರ್ಷ ಬೇಡ, ಪೆಟ್ಟು ತಿಂದ ಗಡ್ಡೆ, ಬರುವ ವರ್ಷ ಗುಂಪಾದ ಮೇಲೆ ಫೆಬ್ರವರಿ ಕೊನೆಗೆ ಮಾಡಿ, ಪ್ರತಿ ತುಂಡಿಗೂ ಒಂದು ಕಣ್ಣು ಇರ್ಲಿ.

ಈ ಬೇಸಿಗೆಗೆ ಹೂವು ಬರ್ಲಿಕ್ಕಿಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ ನಾನು. ಎಲೆ ಬಂದ್ರೆ ಗೆದ್ದಿರಿ.

ಠಾಣೆ, ನಾಲ್ಕನೇ ಮಹಡಿ:
ಕತ್ತರಿಸ್ದೆ, ಗಟ್ಟಿ ಭಾಗದಲ್ಲಿ ಎರಡು ಕಣ್ಣು ಇವೆ. ಈಗ ಫ್ರಿಜ್ ಮೇಲೆ ಪೇಪರ್‌ನಲ್ಲಿ ಆರ್ತಿದೆ, ಅತ್ತೆ ಅದನ್ನ ಶುಂಠಿ ಅಂದ್ಕೊಂಡು ಚಹಾಗೆ ಎತ್ಕೊಂಡಿದ್ರು, ಓಡಿ ಹೋಗಿ ಇಸ್ಕೊಂಡೆ. ಕೊತ್ತಂಬರಿಗೆ ಅವರಿಗೆ ಬೇರೆ ಟಬ್ ತಂದ್ಕೊಟ್ಟಿದೀನಿ.